ಪದಸಾದೃಶ್ಯವೂ ಗಣಕಯಂತ್ರವೂ

ಹಗಲಿಗೆ ಸಂಜೆಯು ಹೇಗೋ ಜೀವಿತಕ್ಕೆ ಮುಪ್ಪು ಹಾಗೆ. ಆದುದರಿಂದ ಮುಪ್ಪನ್ನು ಬಾಳಿನ ಸಂಜೆಯೆಂದು ಕರೆಯಬಹುದೆಂಬುದು ಅರಿಸ್ಟಾಟಲನು ಕಾವ್ಯಮೀಮಾಂಸೆಯಲ್ಲಿ ಕೊಟ್ಟಿರುವ ನಿದರ್ಶನ. ಇಲ್ಲಿ ಹೋಲಿಕೆಯಿರುವುದು ಎರಡು ವಸ್ತುಗಳಲ್ಲಲ್ಲ, ಎರಡು ಸಂಬಂಧಗಳಲ್ಲಿ. ಇಂಥ ಸಾದೃಶ್ಯವನ್ನು ಗಣಕಯಂತ್ರವೂ ಗ್ರಹಿಸಬಲ್ಲುದೆಂಬ ಮಾತು, ತೋಮಾಸ್ ಮಿಕೊಲೊವ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಲೇಖನಗಳಿಂದ ಪ್ರಸಿದ್ಧಿಗೆ ಬಂದಿತು. ಅದಕ್ಕೆ ಆಧಾರವಾದ ಪರೀಕ್ಷೆಯು ಎಷ್ಟರಮಟ್ಟಿಗೆ ನಂಬತಕ್ಕುದೆಂಬುದು ವಿಚಾರಾರ್ಹವಾಗಿದೆ.

ಯಂತ್ರದ ಕ್ರಮವು ಹೀಗಿದೆ. ಅಪಾರವಾದ ಲೇಖನರಾಶಿಯಲ್ಲಿ ಯಾವ ಪದವು ಯಾವ ಪದಗಳ ನೆರೆಯಲ್ಲಿ ಬರುವುದೆಂಬುದನ್ನು ಅನುಸರಿಸಿ, ಪ್ರತಿಯೊಂದು ಪದಕ್ಕೂ ಸಂಖ್ಯೆಗಳ ಒಂದು ಸಾಲನ್ನು ಅದು ಗೊತ್ತುಮಾಡುವುದು. ಸಮಾನಸಂದರ್ಭಗಳಲ್ಲಿ ಬರುವ ಪದಗಳ ಸಾಲುಗಳು ಒಂದಕ್ಕೊಂದು ಸಮೀಪವಾಗುವುವು. 'ಪುರುಷನಿಗೆ ಸ್ತ್ರೀ ಹೇಗೋ ರಾಜನಿಗೆ ಯಾರು?' ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ರಾಜಪದದ ಸಂಖ್ಯೆಗಳಿಂದ ಪುರುಷಪದದವುಗಳನ್ನು ಕಳೆದು ಸ್ತ್ರೀಪದದವುಗಳನ್ನು ಕೂಡಿದಾಗ ರಾಣಿ ಎಂಬ ಪದ ದೊರೆಯುವುದೆಂಬುದು ಎಲ್ಲರೂ ಎತ್ತಿಹೇಳುವ ಉದಾಹರಣೆ.

ಆದರೆ ಇದರ ಹಿಂದೆ ಒಂದು ನಿಬಂಧನೆಯುಂಟು. ಪ್ರಶ್ನೆಯಲ್ಲಿರುವ ಮೂರು ಪದಗಳನ್ನೂ ಉತ್ತರಕ್ಕೆ ಅನರ್ಹವೆಂದು ಮೊದಲೇ ಬಿಟ್ಟುಬಿಡುವರು. ಬಿಡದಿದ್ದರೆ ಲೆಕ್ಕಕ್ಕೆ ಅತ್ಯಂತ ಸಮೀಪವಾಗಿ ನಿಲ್ಲುವುದು ಅನೇಕವೇಳೆ ರಾಜಪದವೇ! 2016ರಲ್ಲಿ ತಾಲ್ ಲಿನ್ಜೆನ್ ಈ ಲೋಪವನ್ನು ವಿವರಿಸಿ, ಮೊದಲನೆಯ ಜೋಡಿಯನ್ನು ಸಂಪೂರ್ಣವಾಗಿ ಕಡೆಗಣಿಸಿ ಮೂರನೆಯ ಪದಕ್ಕೆ ಅತಿಸಮೀಪವಾದುದನ್ನೇ ಹೇಳಿದರೂ ಕೆಲವು ವರ್ಗಗಳಲ್ಲಿ ಸರಿಯಾದ ಉತ್ತರಗಳು ಹೇರಳವಾಗಿ ದೊರೆಯುವುವೆಂದು ತೋರಿಸಿದರು. ಸಂಬಂಧವನ್ನು ನೋಡದೆಯೇ ತೇರ್ಗಡೆಯಾಗಬಹುದಾದ ಪರೀಕ್ಷೆಯು ಸಂಬಂಧಜ್ಞಾನಕ್ಕೆ ಪ್ರಮಾಣವಾಗುವುದೆಂತು?

ಪ್ರಶ್ನೆಗಳ ಆಯ್ಕೆಯೂ ನಿರ್ದುಷ್ಟವಲ್ಲ. ಒಟ್ಟು 19,544 ಪ್ರಶ್ನೆಗಳಲ್ಲಿ 10,675 ಪದರೂಪಕ್ಕೂ 8,869 ಅರ್ಥಕ್ಕೂ ಸೇರಿದವು. ಅರ್ಥದ ಭಾಗದಲ್ಲಿ 5,030 ಪ್ರಶ್ನೆಗಳು ದೇಶ ಮತ್ತು ರಾಜಧಾನಿಗಳನ್ನೂ, 2,467 ಅಮೆರಿಕದ ನಗರ ಮತ್ತು ಸಂಸ್ಥಾನಗಳನ್ನೂ, 866 ನಾಣ್ಯಗಳನ್ನೂ ಕುರಿತವು. ರಾಜ-ರಾಣಿ, ತಂದೆ-ತಾಯಿ ಮೊದಲಾದ ಜೋಡಿಗಳಿಗೆ ಉಳಿದುದು 506 ಮಾತ್ರ. ಅರ್ಥವೆಂಬ ಹೆಸರಿನಲ್ಲಿ ಪರೀಕ್ಷಿತವಾದುದು ಬಹುಮಟ್ಟಿಗೆ ಭೂಗೋಳವೇ ಸರಿ. ಗ್ಲಾಡ್ಕೋವಾ, ದ್ರೋಜ್ಡ್, ಮಾತ್ಸುಓಕಾ ಎಂಬವರು 2016ರಲ್ಲಿ 40 ಸಂಬಂಧಗಳಿಗೆ ಸಮಪ್ರಾಧಾನ್ಯವಿತ್ತು ಹೊಸ ಪರೀಕ್ಷೆಯನ್ನು ರಚಿಸಿದಾಗ, ಪರ್ಯಾಯಪದ, ಅಂಗಾಂಗಿಭಾವ ಮುಂತಾದವುಗಳಲ್ಲಿ ಯಂತ್ರದ ಸಾಮರ್ಥ್ಯವು ಬಹಳ ಕುಗ್ಗಿತು.

ಕನ್ನಡಕ್ಕೆ ಇಂಥ ಪರೀಕ್ಷೆಯನ್ನು ತರುವವರು ಭಾಷಾಂತರದಿಂದ ತೃಪ್ತರಾಗಲಾಗದು. ಇಂಗ್ಲಿಷಿನ ಒಂದು ಸೋದರವಾಚಕಕ್ಕೆ ಇಲ್ಲಿ ಅಣ್ಣ, ತಮ್ಮ ಎಂಬ ಎರಡುಂಟು. ಅಣ್ಣನಿಗೆ ಅಕ್ಕನೂ ತಮ್ಮನಿಗೆ ತಂಗಿಯೂ ಜೋಡಿ. ಅಲ್ಲಿ ಗುಣವಾಚಕಕ್ಕೆ ಪ್ರತ್ಯಯ ಹತ್ತಿ ತರತಮರೂಪ ಸಿದ್ಧಿಸುವುದು. ಇಲ್ಲಿಯಾದರೋ 'ಇದಕ್ಕಿಂತ ದೊಡ್ಡದು' ಎಂಬಂತೆ ಆ ಭಾವವನ್ನು ಹೊರುವುದು ಹೋಲಿಕೆಗೆ ತಂದ ನಾಮಪದವೇ. ಭಾಷೆಯ ಕಟ್ಟನ್ನು ಬಲ್ಲವರು ಹೊಸದಾಗಿ ರಚಿಸಿದ ಪ್ರಶ್ನೆಗಳಿಂದಲೇ ಕನ್ನಡದಲ್ಲಿ ಯಂತ್ರದ ಅಳವು ತಿಳಿಯಬೇಕು.

ಯಂತ್ರದ ಲೆಕ್ಕವು ನಿಷ್ಫಲವೆಂದು ಇದರಿಂದ ಹೇಳಲಾಗದು. ಪದಗಳ ಸಾಹಚರ್ಯದಿಂದಲೇ ಇಷ್ಟು ನಿಯಮ ಹೊರಪಟ್ಟುದು ಭಾಷಾಶಾಸ್ತ್ರಕ್ಕೆ ಲಾಭವೇ. ಉಪಮೆಯಲ್ಲಿ ಸಾಧಾರಣಧರ್ಮವನ್ನು ಬಾಯಿಬಿಟ್ಟು ಹೇಳದಿರಬಹುದಾದರೂ ಅದು ಇರಲೇಬೇಕೆಂಬುದು ಆಲಂಕಾರಿಕರ ಮತ. ಉತ್ತರದ ಸರಿತಪ್ಪನ್ನು ಎಣಿಸುವ ಪರೀಕ್ಷಕರು ಆ ಧರ್ಮವನ್ನು ಯಂತ್ರವು ಕಂಡಿತೋ ಇಲ್ಲವೋ ಎಂಬುದನ್ನೂ ವಿಚಾರಿಸತಕ್ಕುದು.