ಮಂಟೇಸ್ವಾಮಿ ಕಾವ್ಯದಲ್ಲಿ ವಲಸೆ: ಹಲಗೂರಿನ ಪ್ರಸಂಗ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪೂರ್ವಚರಿತ್ರೆಯನ್ನು ಅರಿಯಬಯಸುವ ವಿದ್ಯಾರ್ಥಿಯು ಮೊದಲು ಕೈಗೆತ್ತಿಕೊಳ್ಳುವುದು ಶಾಸನ ಸಂಪುಟಗಳನ್ನು. ಬಿ. ಎಲ್. ರೈಸರು 1894ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವೂ ಮೈಸೂರು ವಿಶ್ವವಿದ್ಯಾನಿಲಯವು 1979ರಲ್ಲಿ ಪ್ರಕಟಿಸಿದ ಪರಿಷ್ಕೃತ ಏಳನೆಯ ಸಂಪುಟವೂ ಈ ಸೀಮೆಯ ಚರಿತ್ರೆಗೆ ತಳಹದಿಯಾಗಿವೆ. ಪರಸ್ಥಳದಿಂದ ಬಂದು ನೆಲೆಯೂರಿದವರ ಸಂಗತಿ ಇಂಥ ಶಾಸನಗಳಲ್ಲಿ ವಿರಳವಲ್ಲ. ಬಂದವರಿಗೆ ಅರಸನು ಬಿಟ್ಟ ಭೂಮಿ, ಅದರ ಚತುಸ್ಸೀಮೆ, ದತ್ತಿಗೆ ತಪ್ಪಿದವರಿಗೆ ಶಾಪ, ಎಲ್ಲವೂ ಕ್ರಮವಾಗಿ ದೊರೆಯುತ್ತವೆ. ಆದರೆ ಆ ನೆಲದಲ್ಲಿ ಮೊದಲೇ ಬಾಳುತ್ತಿದ್ದವರು ಬಂದವರನ್ನು ಕಂಡು ಏನೆಂದರು? ಕಲ್ಲು ಅದನ್ನು ಹೇಳುವುದಿಲ್ಲ. ಅದನ್ನು ಹೇಳುವ ಕೃತಿ ಈ ಸೀಮೆಯಲ್ಲಿ ಒಂದುಂಟು. ಅದು ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿ ಕಾವ್ಯ.

ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ ಮೇಲೆ ಈ ಕಾವ್ಯವು ಕಾಲೇಜಿನ ತರಗತಿಗೂ ಬಂದಿದೆ. ಎಚ್. ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕದಿಂದ ಇದು ಪಟ್ಟಣದ ರಂಗಾಸಕ್ತರಿಗೂ ಪರಿಚಿತವಾಯಿತು. ಆದರೂ ಇದನ್ನು ಕುರಿತ ಚರ್ಚೆಯು ಒಂದೇ ಪ್ರಶ್ನೆಯ ಸುತ್ತ ಸುಳಿಯುತ್ತಿರುವುದು ವಿಷಾದದ ಸಂಗತಿ: ಮಂಟೇಸ್ವಾಮಿಯ ಕಾಲ ಯಾವುದು? ಕಾವ್ಯವು ಅವನನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನ ಬಾಗಿಲಲ್ಲಿ, ತಿಪ್ಪೆಯ ಮೇಲಣ ಕುಷ್ಠರೋಗಿಯ ವೇಷದಲ್ಲಿ ನಿಲ್ಲಿಸುತ್ತದೆ. ವಿದ್ವಾಂಸರಾದರೋ ಅವನನ್ನು ಹಲವು ಶತಮಾನ ಈಚೆಗೆ ತರುತ್ತಾರೆ. ಈ ಅಂತರವನ್ನು ಗಾಯಕರ ಅಜ್ಞಾನವೆಂದು ತಳ್ಳಿಹಾಕುವ ಪರಿಪಾಠವನ್ನು ನಾವು ಒಪ್ಪಲಾರೆವು.

ಈ ಸಂದರ್ಭದಲ್ಲಿ ಅಮೆರಿಕದ ವಲಸೆಗಾರರನ್ನು ಕುರಿತ ಗ್ರಂಥಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದು ಉಪಯುಕ್ತ. ಆಸ್ಕರ್ ಹ್ಯಾಂಡ್ಲಿನ್ನರು 1951ರಲ್ಲಿ ‘ದಿ ಅಪ್‌ರೂಟೆಡ್’ ಎಂಬ ಪುಸ್ತಕವನ್ನು ಬರೆದು, ಯೂರೋಪಿನ ರೈತನು ತನ್ನ ಹಳ್ಳಿಯಿಂದ ಬೇರು ಕಿತ್ತು ಬಂದವನೆಂದೂ ಹೊಸ ನಾಡಿನಲ್ಲಿ ಅವನು ಬಲವಾಗಿ ಹಿಡಿದುಕೊಂಡ ಹಳೆಯ ಆಸರೆ ಧರ್ಮವೆಂದೂ ವಾದಿಸಿದರು. 1964ರಲ್ಲಿ ರುಡಾಲ್ಫ್ ವೆಕೋಲಿಯವರು ಷಿಕಾಗೋ ನಗರದ ಇಟಲಿಯ ರೈತರನ್ನು ಉದಾಹರಿಸಿ ಈ ಚಿತ್ರವನ್ನು ಪ್ರಶ್ನಿಸಿದರು. ಜಾನ್ ಬಾಡ್ನರರು 1985ರಲ್ಲಿ ತಮ್ಮ ಗ್ರಂಥಕ್ಕೆ ‘ದಿ ಟ್ರಾನ್ಸ್‌ಪ್ಲಾಂಟೆಡ್’ ಎಂದೇ ಹೆಸರಿಟ್ಟರು. ಕಿತ್ತದ್ದೋ ನೆಟ್ಟದ್ದೋ ಎಂಬ ಈ ವಾದ ಮಂಡ್ಯದ ರೈತನಿಗೆ ತುಸು ವಿನೋದವಾಗಿ ಕಂಡೀತು. ಸಸಿಮಡಿಯಿಂದ ಪೈರನ್ನು ಕೀಳದೆ ಯಾರು ತಾನೆ ನಾಟಿ ಮಾಡಿಯಾರು? ಅದು ಹಾಗಿರಲಿ. ಈ ಗ್ರಂಥಗಳಿಂದ ನಾವು ಕಲಿಯಬೇಕಾದದ್ದು, ವಲಸೆ ಬಂದ ಸಮುದಾಯವು ತನ್ನ ಮೂಲವನ್ನು ನೆನೆಯುವ ಬಗೆಗೇ ಒಂದು ಅರ್ಥವಿದೆ ಎಂಬುದನ್ನು.

ಹಾಗೆ ನೋಡಿದಾಗ ಕಲ್ಯಾಣದ ಭಾಗವು ಬೇರೆಯೇ ಆಗಿ ಕಾಣುತ್ತದೆ. ಅಲ್ಲಿ ಲಕ್ಷಾಂತರ ಜಂಗಮರಿಗೆ ದಾಸೋಹ ನಡೆಯುತ್ತಿದೆ. ಆದರೆ ನಾರುವ ಮೈಯ ಈ ಒಬ್ಬನಿಗೆ ಎಡೆಯಿಲ್ಲ. ತೌರಿನ ವೈಭವವನ್ನು ಹೊಗಳಿಕೊಳ್ಳುವ ವಲಸೆಗಾರನ ಸಾಮಾನ್ಯ ಚಾಳಿ ಇಲ್ಲಿಲ್ಲ. ಮಾತು ತಪ್ಪಿದ ತೌರನ್ನು ತೊರೆದು ಬಂದೆವೆಂದು ಈ ಪರಂಪರೆ ಹೇಳಿಕೊಳ್ಳುತ್ತದೆ. ದಲಿತರನ್ನೂ ಹಲವು ದುಡಿಯುವ ಜಾತಿಗಳನ್ನೂ ಒಕ್ಕಲಾಗಿ ಪಡೆದ ಪರಂಪರೆಯೊಂದು ಹೀಗೆ ನೆನೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಜೊತೆಗೆ, ಬಸವಣ್ಣನೂ ನೀಲಮ್ಮನೂ ಇಲ್ಲಿ ಆಡುವುದು ಮಳವಳ್ಳಿ ಸೀಮೆಯ ಕನ್ನಡವನ್ನು. ಕಲ್ಯಾಣದ ಹೆಸರು ಉಳಿದಿದೆ, ನುಡಿ ಈ ನೆಲದ್ದೇ ಆಗಿದೆ. ಕಾಲನಿರ್ಣಯದ ಹಟದಲ್ಲಿ ನಾವು ಕಳೆದುಕೊಳ್ಳುವುದು ಇಂಥ ಸೂಕ್ಷ್ಮಗಳನ್ನೇ.

ಕಾವ್ಯದ ನಿಜವಾದ ಬಿಕ್ಕಟ್ಟು ಇರುವುದು ಹಲಗೂರಿನಲ್ಲಿ. ಮಂಟೇಸ್ವಾಮಿಯು ದಕ್ಷಿಣಕ್ಕೆ ಬಂದು ಶಿಷ್ಯರನ್ನು ಕೂಡಿಸಿದ್ದಾನೆ. ಮುಂದೆ ಅವನು ಐಕ್ಯನಾಗುವ ಬೊಪ್ಪೇಗೌಡನಪುರವಿರುವುದೂ ಮಳವಳ್ಳಿ ತಾಲ್ಲೂಕಿನಲ್ಲಿಯೇ. ಮಠದ ಕೆಲಸಕ್ಕೆ ಕಬ್ಬಿಣ ಬೇಕಾಗಿದೆ. ಅವನ ಬಳಿ ತಾಮ್ರಪಟವಿಲ್ಲ, ಅರಸನ ನಿರೂಪವಿಲ್ಲ. ಭಿಕ್ಷಕ್ಕೆ ಸಿದ್ಧಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಕುಲುಮೆಗಳಿಗೆ ಕಳುಹಿಸುತ್ತಾನೆ. ಪಾಂಚಾಳರು ಇಲ್ಲವೆನ್ನುತ್ತಾರೆ; ಬಂದವನನ್ನು ಬಗೆಬಗೆಯ ಪರೀಕ್ಷೆಗಳಿಗೆ ಒಡ್ಡುತ್ತಾರೆ; ಕೊನೆಗೆ ಸೋಲುತ್ತಾರೆ.

ಈ ಭಾಗವನ್ನು ಪವಾಡಪುರುಷನ ಎದುರು ಅಹಂಕಾರಿಗಳ ಗರ್ವಭಂಗವೆಂದು ವಿವರಿಸುವುದು ವಾಡಿಕೆ. ಕಾವ್ಯದ ತೀರ್ಪೂ ಅದೇ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಗೆದ್ದವರ ಕಡೆಯವರು ಹಾಡಿದ ಹಾಡು ಇದು. ಆದರೆ ವಿಮರ್ಶಕನು ಆ ತೀರ್ಪಿಗೆ ರುಜು ಹಾಕಬೇಕಾದ ಅಗತ್ಯವಿಲ್ಲ. ಕಬ್ಬಿಣವು ಪಾಂಚಾಳರ ಅನ್ನ. ಅಕ್ಕಿ, ರಾಗಿಗಳನ್ನು ಬೊಗಸೆಯಲ್ಲಿ ಅಳೆದು ಹಾಕುವಂತೆ ಅದನ್ನು ಭಿಕ್ಷೆಯಾಗಿ ನೀಡಲಾಗದು. ಎಲ್ಲಿಂದಲೋ ಬಂದ ಗುರುವೊಬ್ಬನು ನಮ್ಮ ಕಸುಬಿನ ಮೂಲಧನವನ್ನೇ ಏಕೆ ಕೇಳುತ್ತಾನೆ ಎಂಬ ಅವರ ಶಂಕೆ ನ್ಯಾಯವಾದದ್ದು. ಆ ಶಂಕೆಗೆ ಕಾವ್ಯದಲ್ಲಿ ಎಡೆ ದೊರೆತಿದೆ ಎಂಬುದೇ ದೊಡ್ಡ ಮಾತು. ದತ್ತಿಶಾಸನವಾಗಿದ್ದರೆ ಅದು ಶಾಪವಾಕ್ಯದೊಳಗೆ ಅಡಗಿಹೋಗುತ್ತಿತ್ತು.

ಇನ್ನೊಂದು ಸಂಗತಿಯು ನಮ್ಮನ್ನು ಹೆಚ್ಚು ಕಾಡುತ್ತದೆ. ಸಿದ್ಧಪ್ಪಾಜಿ ಹುಟ್ಟಿನಿಂದ ಕೆಂಪಾಚಾರಿ. ಮದ್ದೂರು ತಾಲ್ಲೂಕಿನ ನಿಡಘಟ್ಟವೆಂದು ಗುರುತಿಸಲಾಗಿರುವ ನಿಡುಘಟ್ಟದ ಆಚಾರಿಗಳ ಮನೆಯ ಮಗ. ತಾಯಿತಂದೆಗಳು ಕೊಡಲೊಲ್ಲದ ಕೂಸನ್ನು ಗುರುವು ಶಿಶುಮಗನಾಗಿ ಪಡೆದಿದ್ದಾನೆ. ಅಂತೂ ಹಲಗೂರಿನಲ್ಲಿ ಕಬ್ಬಿಣ ಕೇಳಲು ನಿಂತವನು ಪರಕೀಯನಲ್ಲ, ಆ ಕಸುಬಿನ ಕುಲದಲ್ಲಿಯೇ ಹುಟ್ಟಿದವನು. ಕಲ್ಯಾಣದಿಂದ ಬಂದ ಗುರುವಿಗೆ ಬೇರು ಕಿತ್ತ ನೋವಿಲ್ಲ. ಅವನು ಹೋದಲ್ಲೆಲ್ಲ ಧರೆಗೆ ದೊಡ್ಡವನೇ. ನಿಡಘಟ್ಟಕ್ಕೂ ಹಲಗೂರಿಗೂ ನಡುವೆ ಒಂದು ದಿನದ ಕಾಲುನಡಿಗೆಯಷ್ಟೇ. ಆದರೂ ಈ ಕಾವ್ಯದಲ್ಲಿ ಅತಿ ದೂರದ ವಲಸೆ ಮಾಡಿದವನು ಕೆಂಪಾಚಾರಿಯೇ. ಹೊಸ ಮತವು ಈ ಮಣ್ಣಿನಲ್ಲಿ ಬೇರೂರಬೇಕಾದರೆ ಮಣ್ಣಿನ ಮಗನೊಬ್ಬನು ತನ್ನವರ ಮುಂದೆಯೇ ಅಪರಿಚಿತನಾಗಿ ನಿಲ್ಲಬೇಕಾಯಿತು. ಅವನ ಗದ್ದುಗೆ ಇರುವುದು ನಿಡಘಟ್ಟದಲ್ಲಲ್ಲ, ಕಾವೇರಿಯ ಆಚೆಯ ಚಿಕ್ಕಲ್ಲೂರಿನಲ್ಲಿ. ಪುಷ್ಯದ ಹುಣ್ಣಿಮೆಯಂದು ಅಲ್ಲಿ ಸೇರುವ ಜಾತ್ರೆಗೆ ಮಳವಳ್ಳಿ, ಮದ್ದೂರು ಕಡೆಯ ಒಕ್ಕಲು ಇಂದಿಗೂ ಹೊಳೆ ದಾಟಿ ಹೋಗುತ್ತದೆ.