ಬೀಜವಿರುವ ದ್ರಾಕ್ಷಿ, ಫ್ಲೋರಿನ್‌ನ ಫ್ಲೆಚರ್

ಈ ವಾರ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸದ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ನಮ್ಮ ಸ್ಯಾನ್ ಡಿಯಾಗೋದ ಲಾ ಹೋಯಾದಲ್ಲಿ ಜನವರಿ ಹೆಸರಿಗಷ್ಟೇ ಚಳಿಗಾಲ. ಸಮುದ್ರದ ತೇವಗಾಳಿಗೆ ಬಳ್ಳಿ ಎಲೆ ಉದುರಿಸಿ ಮಲಗಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿರುತ್ತದೆ. ಕಡ್ಡಿಗೆ ಎರಡು ಕಣ್ಣು ಬಿಡಬೇಕೋ ನಾಲ್ಕೋ ಎಂಬ ಹಳೇ ಜಗಳವನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ. ಅದಕ್ಕೂ ಮುಂಚೆ ಬೀಜರಹಿತ ಪಂಥದವರ ಬಾಕಿ ತೀರಿಸುವುದಿದೆ.

ಥಾಮ್ಸನ್ ಸೀಡ್‌ಲೆಸ್, ನಮ್ಮ ವಿಜಯಪುರದವರ ಸೋನಾಕಾ, ಇಲ್ಲಿನ ಫ್ಲೇಮ್ ಸೀಡ್‌ಲೆಸ್ ಎಲ್ಲವೂ ಸಿಹಿ. ಅಷ್ಟೇ, ಸಿಹಿ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ನೀಲಿಯನ್ನು ಒಮ್ಮೆ ಬಾಯಲ್ಲಿ ಒಡೆದವರಿಗೆ ಆ ಹುಳಿ, ದಪ್ಪ ಸಿಪ್ಪೆಯ ಒಗರು, ಆ ಘಾಟು ಎಲ್ಲ ಸೇರಿಯೇ ದ್ರಾಕ್ಷಿ. ಬೀಜ ಉಗುಳುವ ಸೋಮಾರಿತನಕ್ಕೆ ರುಚಿಯನ್ನೇ ಬಿಟ್ಟುಕೊಟ್ಟವರ ಜೊತೆ ನನ್ನದು ರಾಜಿಯಿಲ್ಲದ ವ್ಯಾಜ್ಯ.

ಈ ಪಂಥ ಕ್ಯಾಲಿಫೋರ್ನಿಯಾದಲ್ಲಿ ಮೂಲೆಗೆ ತಳ್ಳಿದ ತಳಿ ಫ್ಲೇಮ್ ಟೋಕೇ. ದಪ್ಪ ಕಾಯಿ, ಬೆಂಕಿಗೆಂಪು, ಒಳಗೆ ಬೀಜ. ಹಗಲು ಬಿಸಿಲು ಕಾಯಬೇಕು, ರಾತ್ರಿ ನದೀಮುಖದ ತಂಪುಗಾಳಿ ಬೀಸಬೇಕು. ಆಗಲೇ ಅದಕ್ಕೆ ಆ ಬಣ್ಣ. ಲೋಡಿ ಊರಿನವರು 1907ರಲ್ಲಿ ಈ ಹಣ್ಣಿಗೆಂದೇ ಜಾತ್ರೆ ಮಾಡಿ ಕಟ್ಟಿದ ಕಮಾನು ಈಗಲೂ ನಿಂತಿದೆ. ಫ್ಲೇಮ್ ಸೀಡ್‌ಲೆಸ್ 1973ರಲ್ಲಿ ಬಂತು. ಟೋಕೇ ಈಗ ನಮ್ಮ ಸೂಪರ್‌ಮಾರ್ಕೆಟ್ಟುಗಳಲ್ಲಿ ಕಾಣುವುದಿಲ್ಲ.

ಟೋಕೇ ಎಂದೊಡನೆ ನನಗೆ ನೆನಪಾಗುವವನು ಬಾಬ್ ಫ್ಲೆಚರ್. ಚಾಟ್ನಿಯೂ ಪಂಥವೂ ಹಾಗಿರಲಿ, ಈ ವಾರದ ಜಾಗ ಅವನಿಗೆ.

ಎರಡನೇ ಮಹಾಯುದ್ಧದ ನಡುವೆ, 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಆದೇಶದ ಮೇಲೆ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿದರು. ಸ್ಯಾನ್ ಡಿಯಾಗೋದವರನ್ನು ರೈಲಿಗೆ ಹತ್ತಿಸಿ ಲಾಸ್ ಏಂಜಲೀಸ್ ಪಕ್ಕದ ಸಾಂಟಾ ಅನೀಟಾ ರೇಸ್‌ಕೋರ್ಸಿಗೆ ತಂದರು. ಅಲ್ಲಿ ಎಷ್ಟೋ ಸಂಸಾರಗಳು ಕುದುರೆ ಲಾಯದಲ್ಲೇ ಮಲಗಿದವು. ಮುಂದೆ ಅವರನ್ನು ಅರಿಜೋನಾದ ಮರುಭೂಮಿಯ ಪೋಸ್ಟನ್ ಶಿಬಿರಕ್ಕೆ ಸಾಗಿಸಿದರು. ನಮ್ಮ ಉತ್ತರಕ್ಕಿರುವ ರ‍್ಯಾಂಚೊ ಸಾಂಟಾ ಫೇದ ಚೀನೋ ಕುಟುಂಬವೂ ಪೋಸ್ಟನ್ ಕಂಡು ಬಂದದ್ದೇ. ಅವರ ತರಕಾರಿಗಾಗಿ ಹೆಸರಾಂತ ಬಾಣಸಿಗರು ಮುಗಿಬೀಳುವುದು ಆಮೇಲಿನ ಕತೆ.

ಸ್ಯಾಕ್ರಮೆಂಟೋ ಬಳಿಯ ಫ್ಲೋರಿನ್‌ನಲ್ಲೂ ಅದೇ ಗತಿ. ಹೊರಡುವ ಮುನ್ನ ಆಲ್ ತ್ಸುಕಾಮೊಟೊ ಎಂಬ ರೈತ ರಾಜ್ಯದ ಕೃಷಿ ತಪಾಸಣಾಧಿಕಾರಿಯಾಗಿದ್ದ ಫ್ಲೆಚರ್‌ನನ್ನು ಕೇಳಿದ: ನನ್ನ ಇಬ್ಬರು ಸ್ನೇಹಿತರ ಟೋಕೇ ತೋಟ ನೋಡಿಕೊಳ್ಳುತ್ತೀಯಾ, ಕಂದಾಯ, ಸಾಲದ ಕಂತು ಕಟ್ಟಿ ಉಳಿದ ಲಾಭವೆಲ್ಲ ನೀನೇ ಇಟ್ಟುಕೊ. ತ್ಸುಕಾಮೊಟೊಗೂ ಫ್ಲೆಚರ್‌ಗೂ ಗಾಢ ಗೆಳೆತನವೇನಿರಲಿಲ್ಲ. ಫ್ಲೆಚರ್ ಟೋಕೇ ಬೆಳೆದವನೂ ಅಲ್ಲ. ಆದರೂ ಸರ್ಕಾರಿ ಕೆಲಸ ಬಿಟ್ಟು ಬಂದ. ತ್ಸುಕಾಮೊಟೊ ತೋಟವನ್ನೂ ಹೊತ್ತುಕೊಂಡ. ಒಟ್ಟು ಮೂರು ತೋಟ, 90 ಎಕರೆ.

ಬಳ್ಳಿ ಸಾಕಿದವರಿಗೆ ಇದರ ಭಾರ ಬಿಡಿಸಿ ಹೇಳಬೇಕಿಲ್ಲ. ರಾಗಿ ಹೊಲವಾದರೆ ಒಂದು ವರ್ಷ ಬೀಳು ಬಿಡಬಹುದು, ದ್ರಾಕ್ಷಿಗೆ ಆ ಮಾತಿಲ್ಲ. ಚಳಿಯಲ್ಲಿ ಚಾಟ್ನಿ, ಚಿಗುರಿದಾಗ ಬೂದಿರೋಗಕ್ಕೆ ಗಂಧಕ, ಬೇಸಿಗೆಗೆ ನೀರು, ಆಮೇಲೆ ಕೊಯ್ಲು. ಒಂದು ಚಳಿಗಾಲ ಕತ್ತರಿ ತಪ್ಪಿದರೆ ಬಳ್ಳಿ ಪೊದೆಯಾಗಿ ಕಾಯಿ ಪುಡಿಯಾಗುತ್ತದೆ. ಫ್ಲೆಚರ್ ದಿನಕ್ಕೆ 18 ತಾಸು ದುಡಿದ. ಮಲಗಿದ್ದು ವಲಸೆ ಕೂಲಿಗಳಿಗೆಂದು ಕಟ್ಟಿದ್ದ ಕೊಟ್ಟಿಗೆಯಂಥ ವಸತಿಯಲ್ಲಿ. ಜಪಾನಿಗಳ ಪರ ನಿಂತವನೆಂದು ಯಾರೋ ತ್ಸುಕಾಮೊಟೊ ಕಣಜದ ಮನೆಗೆ ಗುಂಡು ಹಾರಿಸಿದರು. ಅವನು ತೋಟ ಬಿಟ್ಟು ಕದಲಲಿಲ್ಲ.

1945ರಲ್ಲಿ ಮೂರು ಮನೆಯವರು ಮರಳಿದಾಗ ತೋಟವೂ ಇತ್ತು, ಬ್ಯಾಂಕಿನಲ್ಲಿ ದುಡ್ಡೂ ಇತ್ತು. ಲಾಭವೆಲ್ಲ ನಿನ್ನದೇ ಎಂದಿದ್ದರೂ ಅವನು ತೆಗೆದುಕೊಂಡದ್ದು ಅರ್ಧ ಮಾತ್ರ. ಫ್ಲೆಚರ್‌ನ ಹೆಂಡತಿ ಟೆರೇಸಾ, ತ್ಸುಕಾಮೊಟೊ ಮನೆಯನ್ನು ಗುಡಿಸಿ ಒರೆಸಿ ಸಜ್ಜು ಮಾಡಿಟ್ಟಿದ್ದಳು. ಊರಿನ ದ್ವೇಷ ಆಗಲೂ ಆರಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ತ್ಸುಕಾಮೊಟೊಗೆ ಬಿಡಿಭಾಗ ಇಲ್ಲವೆಂದರೆ, ಅದನ್ನೇ ಫ್ಲೆಚರ್ ಹೋಗಿ ಕೇಳಿ ತರುತ್ತಿದ್ದ. ಇಡೀ ಕತೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಈ ಅಂಗಡಿಗೆ ಹೋಗಿಬರುವ ಕೆಲಸ. ಗುಂಡಿಗೆ ಎದೆಗೊಡುವವರು ಹೇಗೋ ಸಿಗುತ್ತಾರೆ. ಯುದ್ಧ ಮುಗಿದ ಮೇಲೂ ನೆರೆಯವನ ಬೋಲ್ಟು ನಟ್ಟಿಗೆ ಓಡಾಡುವವರು ಅಪರೂಪ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿಯಿದೆ: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಒಳ್ಳೆಯ ಏರ್ಪಾಡು, ಆದರೆ ಲೆಕ್ಕದ ಏರ್ಪಾಡು. ಶಿಬಿರದ ಮುಳ್ಳುತಂತಿಯ ಹಿಂದಿರುವವರಿಂದ ಮುಯ್ಯಿ ತೀರುವ ಭರವಸೆ ಎಲ್ಲಿಯದು? ಅದು ತಿಳಿದೇ ಫ್ಲೆಚರ್ ಮೂರು ವರ್ಷ ಮಣ್ಣಿಗಿಳಿದ. ತಾನೊಬ್ಬ ವೀರನೆಂದು ಯಾರಾದರೂ ಅಂದರೆ ಒಪ್ಪುತ್ತಿರಲಿಲ್ಲ. 2013ರ ಮೇ 23ರಂದು, 101ನೇ ವಯಸ್ಸಿನಲ್ಲಿ ತೀರಿಕೊಂಡ.

ಕೊಯ್ಲಿನ ಕಾಲಕ್ಕೆ ಲೋಡಿ, ಸ್ಯಾಕ್ರಮೆಂಟೋ ಕಡೆ ಕಾರು ತಿರುಗಿಸುವ ಓದುಗರಲ್ಲಿ ಒಂದು ಕೋರಿಕೆ. ದಾರಿಬದಿಯ ಯಾವುದಾದರೂ ಅಂಗಡಿಯಲ್ಲಿ ಟೋಕೇ ಕಣ್ಣಿಗೆ ಬಿದ್ದರೆ ಬೀಜಕ್ಕೆ ಮುಖ ಸಿಂಡರಿಸದೆ ಕೊಳ್ಳಿ. ನನಗೂ ಒಂದು ಬುಟ್ಟಿ ತನ್ನಿ, ದುಡ್ಡು ಕೊಡುತ್ತೇನೆ.