ಅನ್ನದ ಋಣ, ಅಕ್ಷರದ ಋಣ: ಬಾಸೆಲ್ ಮಿಶನ್ನಿನ ಆಯ್ಕೆಗಳು

ಕ್ರೈಸ್ತ ಸಭೆಯೊಂದು ಹತ್ತಾರು ಕೆಲಸಗಳಲ್ಲಿ ಯಾವುದನ್ನು ತನ್ನ ಮುಖ್ಯ ಸೇವೆಯಾಗಿ ಹಿಡಿಯಬೇಕು? ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಕರ್ನಾಟಕದಲ್ಲಿ ಬಾಸೆಲ್ ಮಿಶನ್ನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರಲು. ಶತಮಾನ ಮುಗಿಯುವ ಹೊತ್ತಿಗೆ ಅದೇ ಮಿಶನ್ ಶಾಲೆ, ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ನಡೆಸುತ್ತಿತ್ತು. ಒಂದು ಮಹಾನಿಘಂಟನ್ನೂ ಹೊರತಂದಿತ್ತು. ಇವೆಲ್ಲ ಒಂದೇ ಯೋಜನೆಯಿಂದ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕಾರಣವಿದೆ, ಒಂದೊಂದರ ಫಲವೂ ಬೇರೆ.

ಸ್ಯಾಮುವೆಲ್ ಹೆಬಿಕ್ ಅವರ ಒಲವು ಬೋಧನೆಯ ಕಡೆಗೆ. ಜಾತ್ರೆ, ಸಂತೆ, ಬೀದಿ ಎಲ್ಲವೂ ಅವರಿಗೆ ವೇದಿಕೆಯೇ. ಮಂಗಳೂರಿನಿಂದ ಕಣ್ಣೂರಿಗೆ ಹೋದ ಮೇಲೂ ಅವರು ಹಿಡಿದ ದಾರಿ ಬಿಡಲಿಲ್ಲ. ಆ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಬೋಧನೆ ಕೇಳಿ ದೀಕ್ಷಾಸ್ನಾನ ಪಡೆದವನ ಮರುದಿನದ ಬದುಕು ಏನಾಯಿತು ಎಂದು ಕೇಳಿದಾಗ ಈ ಆಯ್ಕೆಯ ಕೊರತೆ ಕಾಣುತ್ತದೆ. ಮನೆಯವರು ಹೊರಗಿಟ್ಟರು, ಗೇಣಿಯ ಗದ್ದೆ ಕೈತಪ್ಪಿತು. ಸಭೆಗೆ ಹೆಚ್ಚಾಗಿ ಬಂದವರು ಬಿಲ್ಲವರು. ಮಿಶನ್ ಮದ್ಯವನ್ನು ಒಪ್ಪದ ಕಾರಣ ಅವರು ಶೇಂದಿ ಇಳಿಸುವ ಕುಲಕಸುಬನ್ನೂ ಬಿಡಬೇಕಾಯಿತು. ನಂಬಿಕೆ ಸಿಕ್ಕಿತು, ಹೊಟ್ಟೆಪಾಡು ಹೋಯಿತು.

ಕೈಗಾರಿಕೆ ಹುಟ್ಟಿದ್ದು ಈ ಸಂಕಟದಿಂದ. ಬೇಸಾಯ ಮೊದಲಾದ ಪ್ರಯತ್ನಗಳು ಕೈಗೂಡದೆ ಹೋದವು. 1850ರ ದಶಕದಲ್ಲಿ ಮಿಶನರಿ ಹಾಲರ್ ಅವರ ನೇಯ್ಗೆಶಾಲೆ ನೆಲೆನಿಂತಿತು. ಅಲ್ಲಿನ ಖಾಕಿ ಬಟ್ಟೆ ಹೆಸರು ಮಾಡಿತು. 1865ರಲ್ಲಿ ಮಿಶನರಿ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಕರಾವಳಿಯ ಮನೆಗಳ ಮಾಡನ್ನೇ ಬದಲಿಸಿತು. ಬಾಗಿಲಿಗೆ ಬಂದ ಮನುಷ್ಯನ ಕಷ್ಟವನ್ನು ನೋಡಿ ಆರಿಸಿಕೊಂಡ ಕೆಲಸ ಇದು. ಆ ಮಟ್ಟಿಗೆ ಬೋಧನೆಯೊಂದನ್ನೇ ನೆಚ್ಚಿದ ಹಿಂದಿನ ಆಯ್ಕೆಗಿಂತ ಇದು ಬಹಳ ಮೇಲು.

ತೊಡಕು ಇದ್ದದ್ದು ನಡೆಸಿದ ರೀತಿಯಲ್ಲಿ. ಕೂಲಿ ಕೊಡುವ ಧಣಿ, ಇರಲು ಮನೆ ಕೊಡುವ ಒಡೆಯ, ಮಕ್ಕಳ ಶಾಲೆ, ಭಾನುವಾರದ ಪ್ರಸಂಗ ಎಲ್ಲವೂ ಒಂದೇ ಮಿಶನ್ನಿಗೆ ಸೇರಿದ್ದವು. ಸಭೆಯಲ್ಲಿ ಭಿನ್ನಮಾತು ಆಡಿದವನಿಗೆ ಕೆಲಸದ ಚಿಂತೆ. ಕಾರ್ಖಾನೆಯಲ್ಲಿ ತಕರಾರು ಎತ್ತಿದವನಿಗೆ ಸಭೆಯ ಚಿಂತೆ. ಹೀಗೆ ಪಡೆಯುವವನು ಋಣದಲ್ಲೇ ಉಳಿದ. ಬಿಲ್ಲವ ಸಮಾಜದ ಹೆಚ್ಚಿನವರು ಬೇರೆ ದಾರಿ ಹಿಡಿದದ್ದನ್ನು ಇದರ ಜೊತೆಗಿಟ್ಟು ನೋಡಬೇಕು. 1870ರ ಸುಮಾರಿಗೆ ಅವರ ಮುಖಂಡ ಅರಸಪ್ಪನವರು ಮಂಗಳೂರಿಗೆ ಬ್ರಹ್ಮಸಮಾಜವನ್ನು ಬರಮಾಡಿಕೊಳ್ಳಲು ಮುಂದಾದರು. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಆ ಜನಕ್ಕೆ ಕೂಲಿಯಷ್ಟೇ ಸಾಲದು, ತಮ್ಮದೆನ್ನುವ ಮಾನದ ನೆಲೆಯೂ ಬೇಕಿತ್ತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳು ಹೊರಹೋಗಬೇಕಾಯಿತು, ಕಾರ್ಖಾನೆಗಳು ಸರ್ಕಾರದ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಸಭೆಯ ಜನ ದುಡಿದು ಬೆಳೆಸಿದ ಉದ್ಯಮ ಎಂದೂ ಸಭೆಯ ಜನರದಾಗಿರಲಿಲ್ಲ ಎಂಬುದು ಆಗ ಬಯಲಾಯಿತು.

ಭಾಷೆಯ ಕೆಲಸದ ಕಥೆ ಬೇರೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ಅದಕ್ಕೆ ಹಣ ಕೊಟ್ಟವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಿಶನ್ನಿನ ಅಚ್ಚುಕೂಟದಿಂದಲೇ ಬಂತು. ಬೈಬಲಿನ ಅನುವಾದಕ್ಕೆ, ಬೋಧನೆಗೆ ಕನ್ನಡ ಬೇಕಿತ್ತು ಎಂಬುದು ನಿಜ. ಆದರೂ ವೀರಶೈವ ಪುರಾಣವನ್ನೂ ಹರಿದಾಸರ ಹಾಡನ್ನೂ ಪಾದ್ರಿಯೊಬ್ಬರು ಅಚ್ಚುಹಾಕಿಸಿದಾಗ ಆ ಕೆಲಸ ತನ್ನ ಮೊದಲ ಉದ್ದೇಶವನ್ನು ದಾಟಿತು. ಕಿಟ್ಟೆಲ್ ಕೋಶವನ್ನು ತೆರೆಯುವವನು ಯಾವ ಮತದವನೆಂದು ಯಾರೂ ಕೇಳುವುದಿಲ್ಲ. ಮಿಶನ್ನಿನ ಕೆಲಸಗಳಲ್ಲಿ ಅತಿ ಹೆಚ್ಚು ಬಾಳಿದ್ದು, ಎಲ್ಲ ಕನ್ನಡಿಗರ ಮೆಚ್ಚುಗೆ ಪಡೆದದ್ದು ಹೀಗೆ ಷರತ್ತಿಲ್ಲದೆ ಕೊಟ್ಟ ಕೆಲಸವೇ.

ಕೈಗಾರಿಕೆ, ಭಾಷೆ ಈ ಎರಡು ಕೆಲಸಗಳ ಒಳ್ಳೆಯ ಗುಣವೂ ಕೂಡಿದ್ದನ್ನು ಉಡುಪಿಯಲ್ಲಿ ಕಾಣುತ್ತೇವೆ. ಡಾ. ಇವಾ ಲೊಂಬಾರ್ಡ್ 1923ರಲ್ಲಿ ಅಲ್ಲಿ ಶುರುಮಾಡಿದ್ದು ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಒಂದು ಸಣ್ಣ ಔಷಧಾಲಯ. ಗುರಿ ಕಿರಿದು, ಅಗತ್ಯ ಹಿರಿದು. ಅದೇ ಮುಂದೆ ಊರಿನವರೆಲ್ಲ ಬಲ್ಲ ಮಿಶನ್ ಆಸ್ಪತ್ರೆಯಾಯಿತು.

ಅಗತ್ಯ ನೋಡಿ ಕೆಲಸ ಆರಿಸುವ ಈ ವಿವೇಕ ಸಭೆಗೆ ಹೊಸದಲ್ಲ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ, ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರಿಗೆ ಅನ್ಯಾಯವಾಗುತ್ತಿದೆ ಎಂದು ಗ್ರೀಕ್ ಮಾತಾಡುವವರು ದೂರುತ್ತಾರೆ. ಅಪೊಸ್ತಲರು ಎಲ್ಲ ಕೆಲಸವನ್ನೂ ತಾವೇ ಹೊರುವುದಿಲ್ಲ. ಪ್ರಾರ್ಥನೆ ಮತ್ತು ವಾಕ್ಯದ ಸೇವೆಯನ್ನು ಉಳಿಸಿಕೊಂಡು, ಹಂಚಿಕೆಯನ್ನು ಏಳು ಮಂದಿಗೆ ಒಪ್ಪಿಸುತ್ತಾರೆ. ಆ ಏಳೂ ಹೆಸರುಗಳು ಗ್ರೀಕ್. ನೊಂದವರ ದೂರಿನಿಂದ ಸೇವೆ ಹುಟ್ಟಿತು, ಅದರ ಆಡಳಿತವೂ ನೊಂದವರ ಕಡೆಯವರ ಕೈಗೆ ಹೋಯಿತು. ಬಾಸೆಲ್ ಮಿಶನ್ನಿನ ಕಾರ್ಖಾನೆಗಳ ವಿಷಯದಲ್ಲಿ ಈ ಎರಡರಲ್ಲಿ ಮೊದಲನೆಯದು ನಡೆಯಿತು, ಎರಡನೆಯದು ನಡೆಯಲಿಲ್ಲ.

ಇಂದು ಅನೇಕ ಸಭಾ ಸಮಿತಿಗಳು ವರ್ಷದ ಯೋಜನೆ ಹಾಕುವಾಗ ಪಕ್ಕದ ಸಭೆ ಮಾಡಿದ್ದನ್ನೇ ತಾವೂ ಮಾಡಲು ಹೊರಡುತ್ತವೆ: ಇಂಗ್ಲಿಷ್ ಮಾಧ್ಯಮದ ಶಾಲೆ, ದೊಡ್ಡ ಕನ್ವೆನ್ಷನ್, ಹೊಸ ಸಭಾಭವನ. ಪ್ರತಿಯೊಂದಕ್ಕೂ ಸ್ವಲ್ಪ ಹಣ, ಸ್ವಲ್ಪ ಜನ ಹಂಚಿ, ಯಾವುದೂ ಗಟ್ಟಿಯಾಗದೆ ಉಳಿಯುತ್ತದೆ. ಸಮಿತಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಯೋಜನೆ ಬರೆಯುವ ಮೊದಲು ನಿಮ್ಮ ಬೀದಿಯಲ್ಲಿ ಯಾರ ದೂರು ಇನ್ನೂ ಯಾರ ಕಿವಿಗೂ ಬಿದ್ದಿಲ್ಲವೆಂದು ವಿಚಾರಿಸಿ. ಒಂದೇ ಕೆಲಸ ಹಿಡಿಯಿರಿ. ಅದನ್ನು ಪಡೆಯುವವರು ನಿಮ್ಮ ಸಭೆಗೆ ಬರಲಿ ಬಿಡಲಿ, ತಲೆಯೆತ್ತಿಕೊಂಡೇ ಪಡೆಯುವಂತಿರಲಿ. ಕೆಲವು ವರ್ಷಗಳಲ್ಲಿ ಅವರೇ ಅದನ್ನು ನಡೆಸುವಂತೆ ಬಿಟ್ಟುಕೊಡಿ.